ಕೊಡಚಾದ್ರಿಯ ಸಣ್ಣ ಹಕ್ಕಿಗಳು

ನಮ್ಮ ಮನೆಯಲ್ಲಿ ಟಿವಿಯ ವಾಲ್ಯೂಮ್ ಬಗ್ಗೆ ಹತ್ತು ವರ್ಷದಿಂದ ಜಗಳ ನಡೆಯುತ್ತಿದೆ. ಅಪ್ಪಯ್ಯನಿಗೆ 38 ಬೇಕು, ಅಮ್ಮನಿಗೆ 20 ಸಾಕು. ಮುಲುಂಡ್ ಪಶ್ಚಿಮದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ 38 ಅಂದರೆ ಪಕ್ಕದ ಮನೆಯ ಗುಜರಾತಿ ಅಜ್ಜಿಗೂ ಕನ್ನಡ ಧಾರಾವಾಹಿಯ ಕಥೆ ಗೊತ್ತಾಗಿಬಿಡುವಷ್ಟು. ಇದನ್ನು ನಾವು ಅಪ್ಪಯ್ಯನ ಹಟ ಎಂದೇ ತಿಳಿದಿದ್ದೆವು. ಸಾರು ಬೇಕಾ ಎಂದು ಕೇಳಿದರೆ "ಆರಾ? ಆರಲ್ಲ, ಏಳು ಗಂಟಿ ಆಯ್ತ್" ಎನ್ನುತ್ತಿದ್ದರು. ಅದನ್ನು ತಮಾಷೆ ಎಂದುಕೊಂಡು ನಕ್ಕಿದ್ದೂ ಉಂಟು.

ನನಗೆ ಹಕ್ಕಿ ನೋಡುವ ಚಟ ಹತ್ತಿದ್ದು 2020ರ ಲಾಕ್‌ಡೌನಿನಲ್ಲಿ. ಬಾಲ್ಕನಿಯಿಂದ ನೋಡಿದರೆ ಎರಡು ಟವರುಗಳ ನಡುವೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ಒಂದು ಚೂರು ಕಾಣುತ್ತದೆ. ಹುಟ್ಟಿದಾಗಿನಿಂದ ಕಂಡ ಗುಡ್ಡವೇ. ಆದರೆ ಅದರಿಂದ ಇಷ್ಟು ಹಕ್ಕಿಗಳು ನಮ್ಮ ಬೀದಿಗೆ ಬಂದುಹೋಗುತ್ತವೆ ಎಂದು ತಿಳಿಯಲು ಎಲ್‌ಬಿಎಸ್ ರಸ್ತೆಯ ಗಾಡಿಗಳೆಲ್ಲ ನಿಲ್ಲಬೇಕಾಯಿತು. ಆಮೇಲೆ ಭಾನುವಾರಗಳೆಲ್ಲ ಭಾಂಡುಪ್ ಪಂಪಿಂಗ್ ಸ್ಟೇಷನ್ನಿಗೆ, ಐರೋಲಿಯ ಖಾರಿಗೆ. ಠಾಣೆ ಖಾರಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕೆಸರಿನ ಮೇಲೆ ಗುಲಾಬಿ ಗೆರೆ ಎಳೆದ ಹಾಗೆ ಸಾವಿರಾರು ಹಕ್ಕಿಗಳು ನಿಂತಿರುತ್ತವೆ, ಹಿಂದೆ ಹೈಟೆನ್ಷನ್ ತಂತಿ. ಒಮ್ಮೆ ಅಪ್ಪಯ್ಯನನ್ನೂ ಕರೆದುಕೊಂಡು ಹೋದೆ. ದುರ್ಬೀನು ಹಿಡಿದು ಎರಡು ನಿಮಿಷ ನೋಡಿ, "ಲಾಯ್ಕಿತ್ತ್. ಆದ್ರೆ ಕಾಡಿನ ಹಕ್ಕಿ ಅಂದ್ರೆ ಕಾಂಬುದಲ್ಲ ಮಗಾ, ಕೇಂಬುದು" ಎಂದರು.

ಆ ಮಾತೇ ನಮ್ಮನ್ನು ಹೊರಡಿಸಿದ್ದು. ಅಪ್ಪಯ್ಯ ಹುಟ್ಟಿದ್ದು ಕೊಲ್ಲೂರಿನ ಹತ್ತಿರ, ಜಡ್ಕಲ್ ಬದಿಯ ಒಂದು ಮನೆಯಲ್ಲಿ. ಮೂರು ಕಡೆ ಕಾಡು, ಒಂದು ಕಡೆ ಅಡಿಕೆ ತೋಟ. 1972ರಲ್ಲಿ, ಹದಿನೈದನೇ ವಯಸ್ಸಿಗೆ, ಸಂಬಂಧಿಕರೊಬ್ಬರ ಹಿಂದೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆ. ಈ ಕಥೆ ಇದನ್ನು ಓದುವವರಲ್ಲಿ ಅರ್ಧ ಜನರ ಮನೆಯಲ್ಲಿ ಇರುವಂಥದ್ದೇ, ಉದ್ದ ಮಾಡುವುದಿಲ್ಲ. ಊರಿಗೆ ನಾವು ಹೋಗುತ್ತಿದ್ದದ್ದು ಮೇ ತಿಂಗಳಲ್ಲಿ, ಮದುವೆ, ಪೂಜೆ, ಹಲಸಿನ ಹಪ್ಪಳ ಅಂತ. ಕಾಡಿಗೆಂದು ಅವರ ಜೊತೆ ಒಂದು ದಿನವೂ ಹೋದದ್ದಿರಲಿಲ್ಲ. ಕೆಳಗಿನ ಕಾಡಿನಿಂದ ಸುರು ಮಾಡಿ ಕೊಡಚಾದ್ರಿಯ ತುದಿಯವರೆಗೆ ಐದು ದಿನ ಹಕ್ಕಿ ನೋಡುವುದು ಎಂದು ತೀರ್ಮಾನಿಸಿ ಫೆಬ್ರವರಿಯ ಕೊನೆಯ ವಾರಕ್ಕೆ ಮತ್ಸ್ಯಗಂಧದಲ್ಲಿ ಟಿಕೆಟ್ ಮಾಡಿಸಿದೆ. ಅಮ್ಮ ಬರಲಿಲ್ಲ. ಐದು ದಿನ ವಾಲ್ಯೂಮ್ 20ರಲ್ಲಿ ಟಿವಿ ನೋಡುತ್ತೇನೆ ಎಂದರು.

ಠಾಣೆಯಲ್ಲಿ ಮಧ್ಯಾಹ್ನ ಹತ್ತಿ, ಬೆಳಕು ಹರಿಯುವ ಮೊದಲೇ ಮೂಕಾಂಬಿಕಾ ರೋಡ್ ಬೈಂದೂರಿನಲ್ಲಿ ಇಳಿದೆವು.

ಕರಾವಳಿಯ ತಗ್ಗಿನಲ್ಲಿ, ಸಮುದ್ರಮಟ್ಟಕ್ಕೆ ಇಷ್ಟು ಹತ್ತಿರ, ನಿತ್ಯಹರಿದ್ವರ್ಣದ ಕಾಡು ಉಳಿದಿರುವುದು ಕಡಿಮೆ. ಸಮತಟ್ಟಾದ ನೆಲ ಸಿಕ್ಕಲ್ಲೆಲ್ಲ ಗದ್ದೆ, ತೋಟ, ಈಚೆಗೆ ರಬ್ಬರು. 1974ರಲ್ಲಿ ಮೂಕಾಂಬಿಕಾ ವನ್ಯಧಾಮ ಎಂದು ಘೋಷಿಸಿದ ಕಾಡಿನಲ್ಲಿ ಅದು ಇನ್ನೂ ಇದೆ. ಘಟ್ಟದ ಬುಡದಿಂದ ಎದ್ದು ಹಾಗೇ ಮೇಲಕ್ಕೆ ಹತ್ತುವ ಕಾಡು ಅದು. ಒಳಗೆ ಹೋದರೆ ಬೆಳಿಗ್ಗೆ ಎಂಟಕ್ಕೂ ಮಬ್ಬು. ಬೆತ್ತದ ಮುಳ್ಳು ಅಂಗಿ ಹಿಡಿಯುತ್ತದೆ. ಹಕ್ಕಿಗಳೆಲ್ಲ ನೂರಡಿ ಮೇಲೆ ಎಲೆಗಳ ಆಚೆ. ಮುಂಬಯಿಯ ಬಯಲಿನಲ್ಲಿ ನೋಡಿ ಕಲಿತ ನನ್ನಂಥವರಿಗೆ ಇಂಥಲ್ಲಿ ಕಣ್ಣಿದ್ದೂ ಕುರುಡು. ನನ್ನ ಭರವಸೆ ಇದ್ದದ್ದು ಮೊಬೈಲಿನ ಮರ್ಲಿನ್ ಆ್ಯಪಿನ ಮೇಲೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರದು. ಕೂಗನ್ನು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಕೇಳುತ್ತಿರುವಾಗ ಪರದೆಯ ಮೇಲೆ ಶಬ್ದದ ಚಿತ್ರ ಸರಿಯುತ್ತಾ ಹೋಗುತ್ತದೆ. ತಗ್ಗಿನ ಸ್ವರಕ್ಕೆ ಕೆಳಗೆ ಗೆರೆ, ಏರು ಸ್ವರಕ್ಕೆ ಮೇಲೆ ಗೆರೆ.

ಮೊದಲ ಎರಡು ದಿನ ಆ್ಯಪಿಗೆ ಕೆಲಸವೇ ಇರಲಿಲ್ಲ. ಅಪ್ಪಯ್ಯ ಮುಂದೆ, ನಾನು ಹಿಂದೆ. ನಡೆಯುತ್ತಿದ್ದವರು ಗಕ್ಕನೆ ನಿಂತು ಬೆರಳು ಎತ್ತುತ್ತಿದ್ದರು. "ಹೊರಸಲು." ನಾನು ಉಸಿರು ಹಿಡಿದು ಕೇಳಿದರೆ ಎಲ್ಲೋ ದೂರದಲ್ಲಿ, ಖಾಲಿ ಹಂಡೆಯೊಳಗೆ ಯಾರೋ ಹೂಂಕರಿಸಿದ ಹಾಗೆ ಕಾಡುಪಾರಿವಾಳದ ಕೂಗು. ನನ್ನ ಪಟ್ಟಿಯಲ್ಲಿ ಅದು ಇಂಪೀರಿಯಲ್ ಪಿಜನ್. ಕುಟ್ರು ಹಕ್ಕಿಗಳು ಒಂದಕ್ಕೊಂದು ಉತ್ತರ ಕೊಡುತ್ತಿದ್ದರೆ, ಒಂದು ಹೊಳೆಯ ಈಚೆ ಇದೆ, ಇನ್ನೊಂದು ಆಚೆ, ಮೂರನೆಯದು ಸುಮ್ಮನೆ ಕಳ್ಳ ಕೂಗು ಕೂಗುತ್ತಿದೆ ಎಂದು ಲೆಕ್ಕ ಒಪ್ಪಿಸಿದರು. ಐವತ್ತು ವರ್ಷ ಮುಂಬಯಿಯಲ್ಲಿದ್ದ ಮನುಷ್ಯನಿಗೆ ಇದೆಲ್ಲ ಎಲ್ಲಿ ಕೂತಿತ್ತೋ. ಎರಡನೆಯ ದಿನ ಬೆಳಿಗ್ಗೆ, "ಅಲ್ಲಿ ಎಂತದೋ ಬೆಕ್ಕಿನಾಂಗೆ ಕೂಗತ್ತ್" ಎಂದು ಒಂದು ಬಳ್ಳಿಗಂಟಿನ ಕಡೆ ತೋರಿಸಿದರು. ಹತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿತು: ಕಾಕರಣೆ, ಮಲಬಾರ್ ಟ್ರೋಗನ್. ನಮಗೆ ಬೆನ್ನು ಹಾಕಿ ಕೂತಿತ್ತು. ತಿರುಗಿದಾಗ ಹೊಟ್ಟೆಯ ಕುಂಕುಮ ಬಣ್ಣ ಆ ಮಬ್ಬಿನಲ್ಲಿ ದೀಪ ಹಚ್ಚಿದ ಹಾಗಾಯಿತು. ಮೂರು ವರ್ಷದಿಂದ ನಾನು ನೋಡಬೇಕೆಂದುಕೊಂಡಿದ್ದ ಹಕ್ಕಿ. ಅಪ್ಪಯ್ಯನಿಗೆ ಅದರ ಹೆಸರು ಗೊತ್ತಿರಲಿಲ್ಲ, ಕೂಗು ಮಾತ್ರ ಗೊತ್ತಿತ್ತು. ನನ್ನದು ತಿರುಗಾಮುರುಗಾ.

ಆದರೆ ಆ ದಿನಗಳ ದೊಡ್ಡ ನೆನಪು ದೊಡ್ಡ ಮಂಗಟ್ಟೆಯದು. ಒಂದು ಹಳೆಯ ಮರದ ಪೊಟರೆಯಲ್ಲಿ ಗೂಡಿದೆ ಎಂದು ಊರವರೊಬ್ಬರು ಹೇಳಿದ್ದರು. ಹತ್ತಿರ ಹೋಗಬಾರದು, ಹೋದರೆ ಗಂಡು ಹೆದರಿ ಬರುವುದಿಲ್ಲ. ದೂರದಲ್ಲಿ ಒಂದು ಬಂಡೆಯ ಹಿಂದೆ ಕೂತೆವು. ಹೆಣ್ಣು ಪೊಟರೆಯೊಳಗೆ ಸೇರಿಕೊಂಡು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಮೊಟ್ಟೆ ಒಡೆದು ಮರಿ ಸ್ವಲ್ಪ ದೊಡ್ಡದಾಗುವವರೆಗೆ, ತಿಂಗಳುಗಟ್ಟಲೆ, ಅದಕ್ಕೆ ಗಂಡು ತಂದ ಹಣ್ಣೇ ಗತಿ. ಒಂದೂವರೆ ಗಂಟೆ ಏನೂ ಆಗಲಿಲ್ಲ. ನಾನು ಮೊಬೈಲ್ ನೋಡುತ್ತಿದ್ದೆ. ಅಪ್ಪಯ್ಯ ನನ್ನ ಮೊಣಕಾಲು ಒತ್ತಿ "ಬಂತ್" ಎಂದರು. ನನಗೆ ಏನೂ ಕೇಳಿಸಿರಲಿಲ್ಲ, ಇದನ್ನು ನೆನಪಿನಲ್ಲಿಡಿ. ನಾಲ್ಕೈದು ಸೆಕೆಂಡು ಕಳೆದ ಮೇಲೆ ಕೇಳಿಸಿತು, ದೂರದ ಲೋಕಲ್ ಟ್ರೈನಿನ ಹಾಗೆ ಹುಸ್ ಹುಸ್ ಎಂದು ಗಾಳಿ ಸೀಳುವ ರೆಕ್ಕೆಯ ಸದ್ದು. ಹಕ್ಕಿ ಬಂದು ಕೂತು, ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು ಸೀಳಿನೊಳಗೆ ಇಟ್ಟಿತು. ಹದಿನೇಳು ಎಂದು ನಾನು ಎಣಿಸಿದೆ, ಹತ್ತೊಂಬತ್ತು ಎಂದು ಅಪ್ಪಯ್ಯ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರ ಮುಖ ನೋಡಬೇಕಿತ್ತು. ಹೋಟೆಲಿನವರೊಡನೆ, ರಿಕ್ಷಾದವರೊಡನೆ, ಯಾರು ಸಿಕ್ಕಿದರೂ, "ನನ್ ಕಿವಿ ಇನ್ನೂ ಪಸ್ಟ್ ಕ್ಲಾಸ್ ಇತ್ತ್" ಎಂದರು.

ಆಗಲೇ ಒಂದೆರಡು ಸೂಚನೆ ಸಿಕ್ಕಿತ್ತು, ಈಗ ಯೋಚಿಸಿದರೆ. ನಮ್ಮ ತಲೆಯ ಮೇಲೆಯೇ ಬದನಿಕೆ ಹಕ್ಕಿ ಟಿಕ್ ಟಿಕ್ ಎನ್ನುತ್ತಿದ್ದರೂ ಅಪ್ಪಯ್ಯ ತಲೆ ಎತ್ತಲಿಲ್ಲ. ಸಣ್ಣ ಹಕ್ಕಿ ಎಂದು ಅಸಡ್ಡೆ ಇರಬೇಕು ಎಂದುಕೊಂಡೆ. ಅವರ ಊರಿನಲ್ಲಿ ಹೆಬ್ಬೆರಳಿಗಿಂತ ಸಣ್ಣದಾದ ಎಲ್ಲವಕ್ಕೂ ಗುಬ್ಬಿ ಎಂಬ ಒಂದೇ ಹೆಸರಂತೆ.

ಮೂರನೆಯ ದಿನ ಕೊಲ್ಲೂರಿನಿಂದ ಜೀಪು ಹಿಡಿದು ಕೊಡಚಾದ್ರಿಗೆ. ಆ ರಸ್ತೆಯ ಬಗ್ಗೆ ಬರೆಯದವರಿಲ್ಲ. ಕೊನೆಯ ಭಾಗವನ್ನು ರಸ್ತೆ ಎನ್ನುವುದಕ್ಕಿಂತ ಮಳೆಗಾಲದಲ್ಲಿ ನೀರು ಇಳಿದುಬಂದ ದಾರಿ ಎನ್ನಬಹುದು. ಹೊರಡುವ ಮೊದಲು ಅಪ್ಪಯ್ಯ ಕಾಲಿಗೆಲ್ಲ ಎಣ್ಣೆ ಹಚ್ಚಿಸಿದರು. ಇದು ಮಂಗನ ಕಾಯಿಲೆಯ ಸೀಮೆ, ಚಳಿಗಾಲ ಕಳೆದು ಬಿಸಿಲು ಬಂತೆಂದರೆ ಉಣುಗಿನ ಕಾಟ. ಆ ಕಾಯಿಲೆಯನ್ನು ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ್ದು 1957ರಲ್ಲಿ, ಅದೇ ವರ್ಷ ಅಪ್ಪಯ್ಯ ಹುಟ್ಟಿದ್ದು. "ನಾನೂ ಅದೂ ಒಂದೇ ಪ್ರಾಯ" ಎಂದು ಜೀಪಿನ ಡ್ರೈವರಿಗೆ ಹೇಳಿ ನಗಿಸಿದರು.

ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಜೀಪು ನಿಲ್ಲುತ್ತದೆ. ಅಲ್ಲಿಂದ ಸರ್ವಜ್ಞಪೀಠಕ್ಕೆ ನಡೆಯಬೇಕು. 1343 ಮೀಟರು ಎತ್ತರ. ಕೆಳಗಿನ ಬೆವರು, ಜಿಗುಟು, ಕತ್ತಲೆ ಯಾವುದೂ ಇಲ್ಲಿಲ್ಲ. ಗುಡ್ಡದ ಬೆನ್ನೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲ ಕಾಡು, ಕಾಂಡಕ್ಕೆಲ್ಲ ಪಾಚಿ. ಗಾಳಿ. ಪಶ್ಚಿಮಕ್ಕೆ ಮಂಜು ಸರಿದಾಗ ಸಮುದ್ರದ ಗೆರೆ. ಇಂಥ ಎತ್ತರಕ್ಕೆ ಚಳಿಗಾಲ ಕಳೆಯಲು ಹಿಮಾಲಯದ ಕಡೆಯಿಂದ, ಅದರಾಚೆಯ ಮಧ್ಯ ಏಷ್ಯಾದಿಂದ ಪುಟ್ಟ ಎಲೆಹಕ್ಕಿಗಳು ಬರುತ್ತವೆ. ಗ್ರೀನಿಷ್ ವಾರ್ಬ್ಲರ್ ಎಂಬುದರ ತೂಕ ಏಳೆಂಟು ಗ್ರಾಂ, ಎರಡು ಐದು ರೂಪಾಯಿ ನಾಣ್ಯಕ್ಕಿಂತ ಕಡಿಮೆ. ಎಲೆಯ ಬಣ್ಣದ್ದೇ ಮೈ. ಕಣ್ಣಿಗೆ ಬೀಳುವುದಿಲ್ಲ, ಕೂಗಿನಿಂದಲೇ ಗುರುತು.

ಶೋಲದ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತೆವು. ಆ್ಯಪ್ ಹಚ್ಚಿದೆ. ಹೆಸರುಗಳು ಒಂದರ ಮೇಲೊಂದು ಬೀಳತೊಡಗಿದವು. ನನಗೂ ಕೇಳುತ್ತಿತ್ತು. ಒಂದು ಕ್ಯಾನರಿ ಫ್ಲೈಕ್ಯಾಚರ್, ಬೂದಿ ತಲೆ, ಅರಿಶಿನದ ಹೊಟ್ಟೆ, ಎರಡು ಮಾರು ದೂರದ ಕೊಂಬೆಯಲ್ಲಿ ಕೂತು ಚಿಟಿಚಿಟಿ ಎನ್ನುತ್ತಿತ್ತು. ಅದರಾಚೆ ಎಲೆಹಕ್ಕಿಗಳು, ಬೆಳ್ಗಣ್ಣದ ಗುಂಪು, ಸೂರಕ್ಕಿ. ಚಿಕ್ಕ ಗಂಟೆಗಳ ಗೊಂಚಲು ಅಲ್ಲಾಡಿಸಿದ ಹಾಗಿತ್ತು.

ಅಪ್ಪಯ್ಯ ಕೈಯನ್ನು ಹಣೆಗೆ ಅಡ್ಡ ಹಿಡಿದು ಸುತ್ತ ನೋಡಿದರು. ಬಹಳ ಹೊತ್ತು ಸುಮ್ಮನಿದ್ದರು.

"ಎಲ್ಲ ಖಾಲಿ ಆಯ್ತ್ ಮಗಾ," ಎಂದರು. "ನಾವ್ ಸಣ್ಣಕಿಪ್ಪತಿಗೆ ನಡ್ಕಂಡ್ ಬರ್ತಿದ್ದೆವು. ಇಲ್ಲಿ ಕೂತ್ರೆ ಕಿವಿ ತುಂಬ್ತಿತ್ತ್. ಈಗ ಕಾಣ್, ಒಂದೂ ಇಲ್ಲೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆಗ ನಾನು ಏನು ಹೇಳಬೇಕಿತ್ತು? ಹಕ್ಕಿಗಳು ಸತ್ತಿಲ್ಲ, ನಿಮ್ಮ ಕಿವಿ ಸತ್ತಿದೆ ಎಂದೇ? ಹಿಂದಿನ ದಿನ ಊರಿಡೀ ಡಂಗುರ ಸಾರಿದ್ದ ಕಿವಿ ಅದು. ನಾನು ಹೇಳಿದೆ: "ಹೌದಪ್ಪಯ್ಯ, ಕಮ್ಮಿ ಆಗಿವೆ. ಕಾಡೇ ಕಮ್ಮಿ ಆಗಿದೆಯಲ್ಲ."

ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಕಾಡು ಹಾಳಾಗುತ್ತಿದೆ ಎಂದರೆ ನಂಬದವರು ಯಾರೂ ಇಲ್ಲ, ಅದು ಎಷ್ಟೋ ಕಡೆ ನಿಜವೂ ಹೌದು. ಆದರೆ ಆ ಕಲ್ಲಿನ ಮೇಲೆ, ಆ ಗಳಿಗೆಯಲ್ಲಿ, ಅದು ನಿಜವಾಗಿರಲಿಲ್ಲ. ನಾನು ಅವರ ಕಾಡನ್ನು ಕೊಂದು ಕಿವಿಯನ್ನು ಉಳಿಸಿಕೊಟ್ಟಿದ್ದೆ.

ಸುಳ್ಳು ಎರಡು ನಿಮಿಷವೂ ಬಾಳಲಿಲ್ಲ. ಮೊಬೈಲು ನಮ್ಮಿಬ್ಬರ ನಡುವೆ ಕಲ್ಲಿನ ಮೇಲೆಯೇ ಇತ್ತು. ಅಪ್ಪಯ್ಯ ಅದನ್ನು ಎತ್ತಿಕೊಂಡರು. ಕೆಳಗಿನ ಕಾಡಿನಲ್ಲಿ ಅವರು ಈ ಆಟ ಕಲಿತಿದ್ದರು: ಕುಟ್ರು ಕೂಗಿದರೆ ಪರದೆಯ ತಳದಲ್ಲಿ ಗೆರೆ ಬೀಳುವುದು, ಹೊರಸಲು ಕೂಗಿದರೆ ಇನ್ನೂ ಕೆಳಗೆ. ಈಗ ಪರದೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗೆರೆಗಳು, ಯಾರೋ ಉಗುರಿನಿಂದ ಗೀರಿದ ಹಾಗೆ, ಸಾಲಾಗಿ ಸರಿಯುತ್ತಿದ್ದವು. ಅವರು ಪರದೆ ನೋಡಿದರು, ಮರ ನೋಡಿದರು. ಮತ್ತೆ ಪರದೆ. ಕ್ಯಾನರಿ ಹಕ್ಕಿ ಕೊಕ್ಕು ತೆರೆದಾಗೆಲ್ಲ ಗೆರೆ ಬೀಳುತ್ತಿತ್ತು. ಕೊಕ್ಕು ತೆರೆಯುವುದು ಅವರಿಗೆ ಕಾಣುತ್ತಿತ್ತು, ಕಣ್ಣು ಚೆನ್ನಾಗಿದೆ.

"ಇದೆಂತ ಗೆರೆ?"

ನಾನು ಮಾತಾಡಲಿಲ್ಲ.

"ನಿಂಗೆ ಕೇಂತಾ?"

"ಕೇಳ್ತದೆ ಅಪ್ಪಯ್ಯ."

ಅವರು ಮೊಬೈಲನ್ನು ಕಿವಿಗೆ ಹಿಡಿದರು, ಫೋನಿನಲ್ಲಿ ಮಾತಾಡುವವರ ಹಾಗೆ. ಅದರಿಂದ ಏನೂ ಆಗುವುದಿಲ್ಲ, ಅದು ಬರೀ ಕೇಳಿಸಿಕೊಳ್ಳುವ ಯಂತ್ರ. ಆಮೇಲೆ ಕೆಳಗಿಟ್ಟು, ಸರ್ವಜ್ಞಪೀಠದ ಕಡೆ ಒಂಟಿಯಾಗಿ ನಡೆದರು. ಆ ಪುಟ್ಟ ಕಲ್ಲಿನ ಮಂಟಪದ ಹತ್ತಿರ ನಾನು ತಲುಪಿದಾಗ ಚಪ್ಪಲಿ ಬಿಟ್ಟು ಕೂತಿದ್ದರು. ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆವತ್ತೂ ಇಲ್ಲ, ಈವತ್ತಿನವರೆಗೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇಳಿಯುವಾಗ ಜೀಪಿನ ಕುಲುಕಾಟದಲ್ಲಿ ಪ್ರೆಸ್ ಶಾಪಿನ ಮಾತು ತೆಗೆದರು. ಹೋಟೆಲು ಬಿಟ್ಟ ಮೇಲೆ ಎಲ್‌ಬಿಎಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ತಗಡು ಒತ್ತುವ ಯಂತ್ರದ ಮುಂದೆ ನಿಂತವರು ಅವರು. ಕಿವಿಗೆ ಏನಾದರೂ ಕೊಡುತ್ತಿದ್ದರಾ ಎಂದು ಕೇಳಿದೆ. ಯಂತ್ರ ಒರೆಸುವ ಹತ್ತಿಯನ್ನೇ ಕೆಲವರು ತುಂಬಿಕೊಳ್ಳುತ್ತಿದ್ದರಂತೆ, ಅಪ್ಪಯ್ಯ ಅದನ್ನೂ ಮಾಡಲಿಲ್ಲ, ಸದ್ದಿನಿಂದಲೇ ಯಂತ್ರದ ಹದ ತಿಳಿಯುತ್ತಿತ್ತಂತೆ. ಶಿಫ್ಟ್ ಮುಗಿಸಿ ಬಂದ ರಾತ್ರಿ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. "ಊರ್ ನೆನಪಾತಿತ್ತ್, ಒಳ್ಳೇದಾಯ್ತ್ ಅಂದ್ಕಂಡೆ," ಎಂದರು. ಆ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಅದರ ಜಾಗದಲ್ಲಿ ಎದ್ದ ಟವರೇ ನಮ್ಮ ಬಾಲ್ಕನಿಗೆ ಗುಡ್ಡದ ಅರ್ಧ ಮರೆ ಮಾಡಿರುವುದು. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದೂ ಆ ಪ್ರೆಸ್ಸಿನಿಂದಲೇ.

ಮುಲುಂಡಿಗೆ ಬಂದು ಕಿವಿಯ ಪರೀಕ್ಷೆ ಮಾಡಿಸಿದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ಕೊನೆಗೆ ಒಂದು ನಕ್ಷೆ ಕೊಟ್ಟರು. 250, 500, 1000 ಹರ್ಟ್ಸ್‌ವರೆಗೆ ಗೆರೆ ಚೆನ್ನಾಗಿಯೇ ಹೋಗುತ್ತದೆ. 2000 ದಾಟಿದ್ದೇ ಜಾರತೊಡಗಿ, 4000ದ ಹತ್ತಿರ ಬಾವಿಗೆ ಬಿದ್ದ ಹಾಗೆ ಇಳಿದುಬಿಡುತ್ತದೆ. ಅಬ್ಬರದಲ್ಲಿ ದುಡಿದವರ ಕಿವಿಯ ರುಜು ಇದು ಎಂದರು ಅಲ್ಲಿದ್ದ ಹುಡುಗಿ. ಎಷ್ಟೋ ಕಾರ್ಖಾನೆಯವರಲ್ಲಿ ಈ 4000ದ ಗುಂಡಿ ನೋಡಿದ್ದೇನೆ, ಮೇಲಿಂದ ವಯಸ್ಸು ಬೇರೆ ಸೇರಿಕೊಂಡಿದೆ, ಎಂದು ವಿವರಿಸಿದರು. ಕಿವಿಯೊಳಗಿನ ಶಂಖದಲ್ಲಿ ಏರು ಸ್ವರ ಹಿಡಿಯುವ ಕೂದಲುಕೋಶಗಳು ಬಾಗಿಲ ಹತ್ತಿರವೇ ಇರುತ್ತವೆ, ತಗ್ಗಿನ ಸ್ವರದವು ಒಳಸುರುಳಿಯಲ್ಲಿ. ಮೊದಲು ಹೋಗುವುದು ಬಾಗಿಲಿನವು. ಹೊರಸಲಿನ ಹೂಂಕಾರ 500 ಹರ್ಟ್ಸ್‌ಗೂ ಕೆಳಗೆ. ಕುಟ್ರು ಸಾವಿರದ ಆಸುಪಾಸು. ನಾವು ಕೊಡಚಾದ್ರಿಯಲ್ಲಿ ಕೇಳಿದ ಸಣ್ಣ ಹಕ್ಕಿಗಳೆಲ್ಲ ಆ ಬಾವಿಯಲ್ಲೇ ಕೂತು ಕೂಗುವಂಥವು. ನಮ್ಮ 'ಸ'ಕಾರವೂ ಅಲ್ಲೇ ಇರುವುದು. ಸಾರು ಆರಾದದ್ದು ಹಾಗೆ.

ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ, ಕೆಲವೇ ವಾರಗಳಲ್ಲಿ. ಇದು 1980ರ ದಶಕದಲ್ಲಿ ಗೊತ್ತಾಗಿ ವಿಜ್ಞಾನಿಗಳು ಬೆರಗಾದರಂತೆ. ನಾನು ಇದನ್ನು ಓದಿ ಅಪ್ಪಯ್ಯನಿಗೆ ಹೇಳಿದೆ. "ಅವಕ್ಕೆ ಬೇಕಲ್ಲ, ಪಾಪ" ಎಂದರು.

ಶ್ರವಣಯಂತ್ರ ಬಂತು. ಮೊದಲ ವಾರ ಅವರಿಗೆ ಕೇಳಿಸಿದ್ದು ಹಕ್ಕಿಯಲ್ಲ. ಪ್ಲಾಸ್ಟಿಕ್ ಚೀಲದ ಸರಸರ, ಅಮ್ಮನ ಬಳೆ, ರಿಕ್ಷಾಗಳ ಬ್ರೇಕು. ಎಲ್‌ಬಿಎಸ್ ರಸ್ತೆಗೆ ಹೋಗುವಾಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಟಿವಿ ಈಗ 26. ಯಂತ್ರದಿಂದ ಎಲ್ಲವೂ ವಾಪಸು ಬರುವುದಿಲ್ಲ, ಇಲ್ಲದ ಕೋಶಕ್ಕೆ ಸದ್ದು ಏರಿಸಿ ಏನು ಮಾಡುವುದು ಎಂದು ಆ ಹುಡುಗಿ ಮೊದಲೇ ಹೇಳಿದ್ದರು.

ಕೊಡಚಾದ್ರಿಯ ಕಲ್ಲಿನ ಮೇಲೆ ನಡೆದದ್ದೆಲ್ಲ ಆ್ಯಪಿನಲ್ಲಿ ರೆಕಾರ್ಡ್ ಆಗಿತ್ತು, "ಕಮ್ಮಿ ಆಗಿವೆ" ಎಂಬ ನನ್ನ ದನಿಯೂ ಸೇರಿ. ಆ ಭಾಗ ಕತ್ತರಿಸಿ ಕ್ಯಾನರಿ ಹಕ್ಕಿಯ ಹನ್ನೊಂದು ಸೆಕೆಂಡು ಉಳಿಸಿಕೊಂಡೆ. ಕಂಪ್ಯೂಟರಿನಲ್ಲಿ ಅದರ ವೇಗ ಅರ್ಧಕ್ಕೆ ಇಳಿಸಿದರೆ ಸ್ವರವೂ ಅರ್ಧಕ್ಕೆ ಇಳಿಯುತ್ತದೆ, ಇನ್ನೊಮ್ಮೆ ಇಳಿಸಿದರೆ ಕಾಲು ಭಾಗಕ್ಕೆ. ಒಂದು ರಾತ್ರಿ ಊಟವಾದ ಮೇಲೆ ಅಪ್ಪಯ್ಯನಿಗೆ ಹೆಡ್‌ಫೋನ್ ಹಾಕಿ, ಏನೆಂದು ಹೇಳದೆ, ಆ ಇಳಿಸಿದ ಕೂಗು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕು ಎಂದು ಬೆರಳಿನಲ್ಲಿ ಸನ್ನೆ ಮಾಡಿದರು. ಐದಾರು ಸಲ ಕೇಳಿದ ಮೇಲೆ ಹೆಡ್‌ಫೋನ್ ತೆಗೆದು ಕೇಳಿದರು.

"ಗುಡ್ಡೆ ಮೇಲಿಂದನಾ?"

ಹೌದೆಂದೆ.

"ಅದ್ ಹೀಂಗೆ ಕೂಗುದಲ್ಲ," ಎಂದರು. ತುಟಿ ಒತ್ತಿ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ, ಚಿಟಿಚಿಟಿಚೀ ಎಂದು ಬಿರುಸಾಗಿ ಕೂಗಿ ತೋರಿಸಿದರು. ತಮಗೆ ಅದು ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ. ಮೇಜಿನ ಮೇಲಿದ್ದ ಮೊಬೈಲನ್ನು ಅವರೇ ಎತ್ತಿ, ಆ್ಯಪ್ ಹಚ್ಚಿಕೊಡು ಎಂದು ನನ್ನ ಮುಂದೆ ಹಿಡಿದರು. ಹಚ್ಚಿಕೊಟ್ಟೆ. ಮತ್ತೆ ಕೂಗಿದರು. ಪರದೆಯ ಮೇಲ್ತುದಿಯಲ್ಲಿ ಗೆರೆ ಬಿತ್ತು.